ಎಪಿಸಿ ಮಾತ್ರೆ ಮತ್ತು ಫೆನಾಸಿಟಿನ್: ಪದೇ ಪದೇ ಕೇಳುವ ಪ್ರಶ್ನೆಗಳು

ಸುಮಾರು ನೂರು ವರ್ಷ ಜಗತ್ತಿನ ತಲೆನೋವು ಕಳೆದ ಫೆನಾಸಿಟಿನ್ ಈಗ ಯಾವ ಔಷಧಿ ಅಂಗಡಿಯಲ್ಲೂ ಇಲ್ಲ. ಆದರೂ ಅದರ ಬಗ್ಗೆ ಪ್ರಶ್ನೆಗಳು ನಿಂತಿಲ್ಲ. ಮನೆಯ ಹಿರಿಯರು ನುಂಗುತ್ತಿದ್ದ ಮಾತ್ರೆಯ ಬಗ್ಗೆ, ಇಂದಿನ ಪ್ಯಾರಾಸಿಟಮಾಲ್ ಬಗ್ಗೆ, ಮೂತ್ರಪಿಂಡದ ಬಗ್ಗೆ ಜನ ಮತ್ತೆ ಮತ್ತೆ ಕೇಳುವುದನ್ನು ಇಲ್ಲಿ ಸೇರಿಸಿದೆ. ಮೊದಮೊದಲ ಪ್ರಶ್ನೆಗಳು ಸರಳ, ಮುಂದೆ ಹೋದಂತೆ ಸ್ವಲ್ಪ ರಸಾಯನ, ಸ್ವಲ್ಪ ವೈದ್ಯಕೀಯ.

## ಮೊದಲು ತಿಳಿಯಬೇಕಾದದ್ದು

ನಮ್ಮಜ್ಜಿ ತಲೆನೋವು ಬಂದ್ರೆ "ಎಪಿಸಿ ಕೊಡು" ಅಂತಿದ್ರು. ಅದರಲ್ಲಿ ಇದ್ದದ್ದೇನು?

ಮೂರು ಔಷಧಿಗಳ ಮೊದಲ ಅಕ್ಷರ ಸೇರಿ ಎಪಿಸಿ. ಎ ಅಂದರೆ ಆಸ್ಪಿರಿನ್, ಪಿ ಅಂದರೆ ಫೆನಾಸಿಟಿನ್, ಸಿ ಅಂದರೆ ಕೆಫೀನ್. (ಇಂಗ್ಲಿಷಿನಲ್ಲಿ ಫೆನಾಸಿಟಿನ್ ಹೆಸರು "ಪಿ" ಅಕ್ಷರದಿಂದ ಶುರುವಾಗುತ್ತದೆ.) ಅಮೆರಿಕದ ರೂಢಿಯ ಮಾತ್ರೆಯಲ್ಲಿ ಹಳೆಯ ಲೆಕ್ಕದಂತೆ ಮೂರೂವರೆ ಗ್ರೇನ್ ಆಸ್ಪಿರಿನ್, ಎರಡೂವರೆ ಗ್ರೇನ್ ಫೆನಾಸಿಟಿನ್, ಅರ್ಧ ಗ್ರೇನ್ ಕೆಫೀನ್ ಇರುತ್ತಿತ್ತು. ಒಂದು ಗ್ರೇನ್ ಸುಮಾರು 65 ಮಿಲಿಗ್ರಾಂ. ಹಾಗಾಗಿ ಇಂದಿನ ಲೆಕ್ಕದಲ್ಲಿ 227, 162 ಮತ್ತು 32 ಮಿಲಿಗ್ರಾಂ. ದೇಶದಿಂದ ದೇಶಕ್ಕೆ ಈ ಪ್ರಮಾಣ ಬದಲಾಗುತ್ತಿತ್ತು. ನಮ್ಮಲ್ಲಿ ಸರ್ಕಾರಿ ದವಾಖಾನೆಗಳ ಕಾಂಪೌಂಡರ್ ಕಾಗದದಲ್ಲಿ ಕಟ್ಟಿಕೊಡುತ್ತಿದ್ದ ಬಿಳಿ ಮಾತ್ರೆಗಳಲ್ಲಿ ಇದೂ ಒಂದು. ಜ್ವರ, ಮೈಕೈನೋವು, ನೆಗಡಿ, ತಲೆಭಾರ ಎಲ್ಲಕ್ಕೂ ಇದೇ. ಅಮೆರಿಕದ ಸೈನಿಕರು ಎಪಿಸಿ ಎಂಬುದನ್ನು "ಸಕಲ ಕಾರ್ಯಕ್ಕೂ ಒಂದೇ ಗುಳಿಗೆ" ಎಂದು ಬಿಡಿಸಿ ತಮಾಷೆ ಮಾಡುತ್ತಿದ್ದರು.

ಫೆನಾಸಿಟಿನ್ ಅಂದ್ರೂ ಪ್ಯಾರಾಸಿಟಮಾಲ್ ಅಂದ್ರೂ ಒಂದೇನಾ?

ಅಲ್ಲ, ಆದರೆ ತೀರಾ ಹತ್ತಿರದ ನೆಂಟರು. ಪ್ಯಾರಾಸಿಟಮಾಲ್ ಅಣುವಿನ ಒಂದು ತುದಿಯಲ್ಲಿರುವ ಹೈಡ್ರಾಕ್ಸಿ ಗುಂಪಿಗೆ ಈಥೈಲ್ ಎಂಬ ಎರಡು ಕಾರ್ಬನ್ನಿನ ಬಾಲ ಅಂಟಿಸಿದರೆ ಫೆನಾಸಿಟಿನ್ ಆಗುತ್ತದೆ. ವ್ಯತ್ಯಾಸ ಅಷ್ಟೇ. ಹೆಸರುಗಳ ಗೊಂದಲವೂ ಇದೆ. ಹಳೆಯ ಚೀಟಿಗಳಲ್ಲಿ ಕಾಣುವ "ಅಸಿಟೋಫೆನೆಟಿಡಿನ್" ಅಂದರೆ ಫೆನಾಸಿಟಿನ್. ಅಮೆರಿಕದಿಂದ ಬಂದವರು ಹೇಳುವ "ಅಸಿಟಾಮಿನೋಫೆನ್" ಅಂದರೆ ಪ್ಯಾರಾಸಿಟಮಾಲ್. ಎರಡನ್ನೂ ಬೇಗ ಓದಿದರೆ ಒಂದೇ ಅನ್ನಿಸುತ್ತದೆ, ಹಳೆಯ ಚೀಟಿ ಓದುವಾಗ ಅಕ್ಷರ ಅಕ್ಷರ ನೋಡಿ.

ಅಂಗಡೀಲಿ ಕೇಳಿದ್ರೆ ಎಪಿಸಿ ಇಲ್ಲ ಅಂತಾರೆ. ಯಾವಾಗ ನಿಂತಿತು?

ಭಾರತದಲ್ಲಿ 1983ರ ಜುಲೈ 23ರಂದು ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆಯಿಂದ. ಔಷಧಿ ಮತ್ತು ಪ್ರಸಾಧನ ಸಾಮಗ್ರಿ ಕಾಯ್ದೆಗೆ 1982ರಲ್ಲಿ 26ಎ ಎಂಬ ಹೊಸ ಸೆಕ್ಷನ್ ಸೇರಿತು. ಜನರ ಆರೋಗ್ಯಕ್ಕೆ ಅಪಾಯ ಅನ್ನಿಸಿದ ಔಷಧಿಯ ತಯಾರಿಕೆಯನ್ನೂ ಮಾರಾಟವನ್ನೂ ಇಡೀ ದೇಶದಲ್ಲಿ ಒಟ್ಟಿಗೇ ನಿಲ್ಲಿಸುವ ಅಧಿಕಾರ ಅದರಿಂದ ಕೇಂದ್ರಕ್ಕೆ ಬಂತು. ಆ ಅಧಿಕಾರ ಬಳಸಿ ಹೊರಬಂದ ಮೊದಲ ದೊಡ್ಡ ಪಟ್ಟಿಯಲ್ಲೇ ಫೆನಾಸಿಟಿನ್ ಇತ್ತು. ರಕ್ತದ ಬಿಳಿಕಣಗಳನ್ನು ಕುಸಿಯುವಂತೆ ಮಾಡುತ್ತಿದ್ದ ಇನ್ನೊಂದು ನೋವಿನ ಔಷಧಿ ಅಮಿಡೋಪೈರಿನ್ ಕೂಡ ಅದೇ ಪಟ್ಟಿಯಲ್ಲಿ ಹೋಯಿತು.

ಅಟ್ಟದ ಮೇಲಿನ ಡಬ್ಬೀಲಿ ಹಳೇ ಮಾತ್ರೆ ಸಿಕ್ಕಿದೆ. ವಿನೆಗರ್ ವಾಸನೆ ಬರ್ತಿದೆ. ಏನು ಮಾಡಲಿ?

ನುಂಗಬೇಡಿ. ಹುಳಿ ವಾಸನೆ ಬರುವುದು ಆಸ್ಪಿರಿನ್‌ನಿಂದ. ತೇವ ತಗುಲಿದಾಗ ಅದು ಸ್ಯಾಲಿಸಿಲಿಕ್ ಆಮ್ಲ ಮತ್ತು ಅಸಿಟಿಕ್ ಆಮ್ಲವಾಗಿ ಒಡೆಯುತ್ತದೆ. ವಿನೆಗರ್‌ನಲ್ಲಿರುವುದೂ ಅದೇ ಅಸಿಟಿಕ್ ಆಮ್ಲ. ಬಾತ್‌ರೂಮಿಗೆ ಸುರಿದು ನೀರು ಬಿಡಬೇಡಿ. ಮಾತ್ರೆಗಳನ್ನು ಪುಡಿ ಮಾಡಿ, ಬಳಸಿದ ಕಾಫಿ ಚರಟದಲ್ಲೋ ಮಣ್ಣಿನಲ್ಲೋ ಕಲಸಿ, ಕವರಿನಲ್ಲಿ ಬಿಗಿದು ಕಸಕ್ಕೆ ಹಾಕಿ. ಮಕ್ಕಳಿಗೂ ದನಗಳಿಗೂ ಸಿಗದಂತಿದ್ದರೆ ಸಾಕು. ಚೀಟಿಯನ್ನು ಮಾತ್ರ ಇಟ್ಟುಕೊಳ್ಳಿ. ಆ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿದವರು ಮನೆಯಲ್ಲಿದ್ದರೆ ಕೆಳಗೆ ಹೇಳುವ ತಪಾಸಣೆಗೆ ಚೀಟಿ ಕೆಲಸಕ್ಕೆ ಬರುತ್ತದೆ.

## ಹುಟ್ಟಿದ್ದು, ಬೆಳೆದದ್ದು

ಬಟ್ಟೆ ಬಣ್ಣ ಮಾಡೋ ಕಾರ್ಖಾನೆಯ ಕಸದಿಂದ ಈ ಔಷಧಿ ಬಂತು ಅಂತಾರೆ. ನಿಜಾನಾ?

ನಿಜ. ಅದಕ್ಕೂ ಹಿಂದೆ ಒಂದು ಎಡವಟ್ಟಿದೆ. 1886ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಕಾನ್ ಮತ್ತು ಹೆಪ್ ಎಂಬ ಇಬ್ಬರು ವೈದ್ಯರು ಹೊಟ್ಟೆಹುಳುವಿನ ರೋಗಿಗೆ ನ್ಯಾಫ್ತಲೀನ್ ಕೊಟ್ಟು ನೋಡುತ್ತಿದ್ದರು. ಹುಳು ಹೋಗಲಿಲ್ಲ, ಜ್ವರ ಇಳಿಯಿತು. ವಿಚಾರಿಸಿದಾಗ ಔಷಧಿ ಅಂಗಡಿಯವರು ಕೊಟ್ಟದ್ದು ನ್ಯಾಫ್ತಲೀನ್ ಅಲ್ಲವೇ ಅಲ್ಲ, ಬಣ್ಣದ ಉದ್ಯಮದಲ್ಲಿ ಬಳಕೆಯಲ್ಲಿದ್ದ ಅಸಿಟಾನಿಲೈಡ್ ಎಂದು ಗೊತ್ತಾಯಿತು. ಅದು "ಆಂಟಿಫೆಬ್ರಿನ್" ಹೆಸರಿನಲ್ಲಿ ಮಾರುಕಟ್ಟೆಗೆ ಬಂತು, ಚೆನ್ನಾಗಿಯೇ ಓಡಿತು. ಆದರೆ ಕೆಲವು ರೋಗಿಗಳ ತುಟಿ ಮತ್ತು ಉಗುರು ನೀಲಿಯಾಗತೊಡಗಿದವು.

ಆಗ ಬಣ್ಣದ ಕಂಪನಿಯಾಗಿಯೇ ಇದ್ದ ಜರ್ಮನಿಯ ಬಾಯರ್‌ನಲ್ಲಿ, ಬಣ್ಣ ಮಾಡಿ ಉಳಿದ ಪ್ಯಾರಾನೈಟ್ರೋಫೀನಾಲ್ ಸುಮಾರು 30 ಟನ್ ರಾಶಿ ಬಿದ್ದಿತ್ತು. ಅಸಿಟಾನಿಲೈಡ್‌ನಂಥದ್ದೇ ಆದರೆ ಅದಕ್ಕಿಂತ ಸೌಮ್ಯವಾದ ಔಷಧಿಯನ್ನು ಇದರಿಂದ ಮಾಡಲಾದೀತೇ ಎಂದು ಕಾರ್ಲ್ ಡುಯಿಸ್‌ಬರ್ಗ್ ಯೋಚಿಸಿದರು, ಆಸ್ಕರ್ ಹಿನ್ಸ್‌ಬರ್ಗ್ ಮಾಡಿ ತೋರಿಸಿದರು. ದಾರಿ ಹೀಗೆ: ಮೊದಲು ಪ್ಯಾರಾನೈಟ್ರೋಫೀನಾಲ್‌ಗೆ ಈಥೈಲ್ ಗುಂಪು ಸೇರಿಸುವುದು, ಆಮೇಲೆ ಅದರ ನೈಟ್ರೋ ಗುಂಪನ್ನು ಅಮೈನ್ ಮಾಡುವುದು (ಈಗ ಸಿಗುವುದು ಫೆನೆಟಿಡಿನ್), ಕೊನೆಗೆ ಅದಕ್ಕೆ ಅಸಿಟೈಲ್ ಗುಂಪು ಹಚ್ಚುವುದು. ಸಿಗುವುದು ಬಿಳಿಯ, ತುಸು ಕಹಿಯಾದ, ನೀರಿನಲ್ಲಿ ಅಷ್ಟಾಗಿ ಕರಗದ ಹರಳು. 1887ರಲ್ಲಿ ಹುಟ್ಟಿದ ಈ ಫೆನಾಸಿಟಿನ್ ಬಾಯರ್‌ಗೆ ಔಷಧಿ ವ್ಯಾಪಾರದ ಬಾಗಿಲು ತೆರೆಯಿತು. ಆಸ್ಪಿರಿನ್ ಬಂದದ್ದು ಅದಾದ ಹನ್ನೆರಡು ವರ್ಷಕ್ಕೆ, 1899ರಲ್ಲಿ.

ಪ್ಯಾರಾಸಿಟಮಾಲ್ ಆಗಲೇ ಗೊತ್ತಿತ್ತಂತೆ. ನೇರವಾಗಿ ಅದನ್ನೇ ಯಾಕೆ ಮಾರಲಿಲ್ಲ?

ಇಡೀ ಕಥೆಯಲ್ಲಿ ಅತ್ಯಂತ ದುಬಾರಿಯಾದ ತಪ್ಪು ಇದೇ. ಅಮೆರಿಕದ ರಸಾಯನಶಾಸ್ತ್ರಜ್ಞ ಹಾರ್ಮನ್ ಮೋರ್ಸ್ 1878ರ ಹೊತ್ತಿಗೇ ಪ್ಯಾರಾಸಿಟಮಾಲ್ ತಯಾರಿಸಿದ್ದರು. 1893ರಲ್ಲಿ ಜರ್ಮನಿಯ ಯೋಸೆಫ್ ಫಾನ್ ಮೆರಿಂಗ್ ಅದನ್ನು ರೋಗಿಗಳಿಗೆ ಕೊಟ್ಟು ಫೆನಾಸಿಟಿನ್ ಜೊತೆ ಹೋಲಿಸಿದರು. ಪ್ಯಾರಾಸಿಟಮಾಲ್‌ನಿಂದಲೂ ರಕ್ತ ಕೆಡುತ್ತದೆ, ಫೆನಾಸಿಟಿನ್ನೇ ವಾಸಿ ಎಂದು ತೀರ್ಮಾನಿಸಿದರು. ಅವರ ಮಾದರಿಯಲ್ಲಿ ಅಮಿನೋಫೀನಾಲ್ ಎಂಬ ಕಲ್ಮಶ ಬೆರೆತಿದ್ದಿರಬಹುದು ಎಂಬುದು ಇಂದಿನವರ ಊಹೆ. ತೀರ್ಮಾನವನ್ನು ಯಾರೂ ಮತ್ತೆ ಪರೀಕ್ಷಿಸಲಿಲ್ಲ, ಪ್ಯಾರಾಸಿಟಮಾಲ್ ಅರ್ಧ ಶತಮಾನ ಮೂಲೆಗೆ ಬಿತ್ತು.

1948–49ರಲ್ಲಿ ನ್ಯೂಯಾರ್ಕಿನ ಬರ್ನಾರ್ಡ್ ಬ್ರೋಡಿ ಮತ್ತು ಜೂಲಿಯಸ್ ಆಕ್ಸಲ್‌ರಾಡ್ ದೇಹದೊಳಗೆ ಅಸಿಟಾನಿಲೈಡ್ ಮತ್ತು ಫೆನಾಸಿಟಿನ್ ಏನಾಗುತ್ತವೆ ಎಂದು ಹಿಂಬಾಲಿಸಿದರು. ಎರಡೂ ಬಹುಪಾಲು ಪ್ಯಾರಾಸಿಟಮಾಲ್ ಆಗಿಯೇ ಬದಲಾಗುತ್ತಿದ್ದವು. ನೋವು ಕಳೆಯುತ್ತಿದ್ದದ್ದು ಮುಖ್ಯವಾಗಿ ಆ ಪ್ಯಾರಾಸಿಟಮಾಲ್. ರಕ್ತ ಕೆಡಿಸುತ್ತಿದ್ದದ್ದು ಬೇರೆ ದಾರಿ ಹಿಡಿದ ಸಣ್ಣ ಪಾಲು. ಅಂದರೆ ಅಷ್ಟು ವರ್ಷ ಜನ ಕಾಳಿಗಾಗಿ ಹೊಟ್ಟನ್ನೂ ಸೇರಿಸಿ ನುಂಗಿದ್ದರು. 1950ರ ದಶಕದಲ್ಲಿ ಪ್ಯಾರಾಸಿಟಮಾಲ್ ಅಮೆರಿಕದಲ್ಲಿ ಟೈಲೆನಾಲ್, ಬ್ರಿಟನ್ನಿನಲ್ಲಿ ಪೆನಡಾಲ್ ಆಗಿ ಅಂಗಡಿಗೆ ಬಂತು.

ಮೂರನ್ನೂ ಬೆರೆಸಿದ್ದು ಯಾಕೆ? ಒಂದೇ ಸಾಕಾಗ್ತಿರಲಿಲ್ವಾ?

ಆಗಿನ ವಾದ ಹೀಗಿತ್ತು: ಪ್ರತಿಯೊಂದನ್ನೂ ಸ್ವಲ್ಪ ಸ್ವಲ್ಪ ಹಾಕಿದರೆ ನೋವು ಒಟ್ಟಾಗಿ ಇಳಿಯುತ್ತದೆ, ಅಡ್ಡಪರಿಣಾಮ ಮಾತ್ರ ಹಂಚಿಹೋಗುತ್ತದೆ. ಕೇಳಲು ಸರಿಯೇ. ಕೆಫೀನ್ ನೋವುನಿವಾರಕದ ಬಲವನ್ನು ತುಸು ಹೆಚ್ಚಿಸುತ್ತದೆ ಎಂಬುದೂ ಸುಳ್ಳಲ್ಲ. ಆದರೆ ಅದೇ ಕೆಫೀನ್ ಬಲೆಯೂ ಆಯಿತು. ಮಾತ್ರೆ ನುಂಗಿದ ಅರ್ಧ ಗಂಟೆಗೆ ತಲೆನೋವು ಹೋಗುವುದರ ಜೊತೆಗೆ ಮೈಗೆ ಒಂದು ಚುರುಕು. ರೂಢಿಯಾದ ಮೇಲೆ ಒಂದು ದಿನ ಬಿಟ್ಟರೆ ತಲೆ ಸಿಡಿಯುತ್ತದೆ, ಯಾಕೆಂದರೆ ಕೆಫೀನ್ ತಪ್ಪಿದ್ದೇ ತಲೆನೋವಿಗೆ ಕಾರಣ. ಬೆಳಗಿನ ಕಾಫಿ ತಪ್ಪಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆ ತಲೆನೋವಿಗೆ ಮತ್ತೆ ಅದೇ ಮಾತ್ರೆ. ಬರೀ ಫೆನಾಸಿಟಿನ್ ಮಾರಿದ್ದರೆ ಜನ ವರ್ಷಗಟ್ಟಲೆ ದಿನಕ್ಕೆ ಐದಾರು ನುಂಗುತ್ತಿದ್ದರು ಎಂದು ನಂಬುವುದು ಕಷ್ಟ.

ನೋವೇ ಇಲ್ಲದವರೂ ದಿನಾ ತಿಂತಿದ್ರಂತೆ. ಎಲ್ಲಿ, ಯಾಕೆ?

ಹೆಸರಾದ ಮೂರು ಉದಾಹರಣೆಗಳಿವೆ.

ಸ್ವೀಡನ್ನಿನ ಹುಸ್ಕ್ವರ್ನಾ ಪಟ್ಟಣದಲ್ಲಿ ಬಂದೂಕು, ಹೊಲಿಗೆಯಂತ್ರ ಮಾಡುವ ಕಾರ್ಖಾನೆ ಇತ್ತು. 1918ರ ಇನ್‌ಫ್ಲುಯೆಂಜಾ ಹಾವಳಿಯಲ್ಲಿ ಡಾ. ಯೋರ್ಟನ್ ಎಂಬ ಸ್ಥಳೀಯ ವೈದ್ಯರು ಒಂದು ಪುಡಿ ಬರೆದುಕೊಟ್ಟರು. ಒಂದು ಪೊಟ್ಟಣದಲ್ಲಿ ಫೆನಾಸಿಟಿನ್ ಅರ್ಧ ಗ್ರಾಂ, ಫೆನಜೋನ್ ಎಂಬ ಇನ್ನೊಂದು ನೋವಿನ ಔಷಧಿ ಅರ್ಧ ಗ್ರಾಂ, ಕೆಫೀನ್ 150 ಮಿಲಿಗ್ರಾಂ. ಜ್ವರ ಹೋಯಿತು, ಪುಡಿ ಉಳಿಯಿತು. ಅದನ್ನು ತಿಂದರೆ ಕೆಲಸ ಬೇಗ ಸಾಗುತ್ತದೆ ಎಂದು ಕಾರ್ಮಿಕರು ನಂಬಿದರು. ಮಾಡಿದ ಕೆಲಸಕ್ಕೆ ತಕ್ಕ ಕೂಲಿ ಸಿಗುವ ಕಡೆ ಇದು ಸಣ್ಣ ಮಾತಲ್ಲ.

ಸ್ವಿಟ್ಜರ್ಲೆಂಡಿನ ಗಡಿಯಾರ ಕಾರ್ಖಾನೆಗಳಲ್ಲಿ ಕಣ್ಣಿಗೆ ಭೂತಗನ್ನಡಿ ಕಟ್ಟಿ ದಿನವಿಡೀ ಕೂದಲೆಳೆಯಂಥ ಭಾಗ ಜೋಡಿಸುವ ಕೆಲಸಕ್ಕೆ ಹೆಂಗಸರೇ ಹೆಚ್ಚು. ಕಣ್ಣು, ಕತ್ತು, ತಲೆನೋವು ತಪ್ಪಿದ್ದಲ್ಲ. ಅಲ್ಲೂ ಫೆನಾಸಿಟಿನ್ ಬೆರೆತ ಮಾತ್ರೆಗಳು ದಿನದ ಬುತ್ತಿಯ ಭಾಗವಾದವು.

ಮೂರನೆಯದು ಆಸ್ಟ್ರೇಲಿಯಾ. ಬೆಕ್ಸ್ ಮತ್ತು ವಿನ್ಸೆಂಟ್ಸ್ ಎಂಬ ಎರಡು ಎಪಿಸಿ ಪುಡಿಗಳು ಕಿರಾಣಿ ಅಂಗಡಿಗಳಲ್ಲೇ ಸಿಗುತ್ತಿದ್ದವು. ಬೆಕ್ಸ್‌ನ ಒಂದು ಪೊಟ್ಟಣದಲ್ಲಿ ಆಸ್ಪಿರಿನ್ 420, ಫೆನಾಸಿಟಿನ್ 420, ಕೆಫೀನ್ 160 ಮಿಲಿಗ್ರಾಂ. ಅಮೆರಿಕದ ಎಪಿಸಿ ಮಾತ್ರೆಯ ಎರಡೂವರೆ ಪಟ್ಟು ಫೆನಾಸಿಟಿನ್, ಐದು ಪಟ್ಟು ಕೆಫೀನ್! ಜಾಹೀರಾತುಗಳು ಗುರಿಯಿಟ್ಟದ್ದು ಮನೆಗೆಲಸದಲ್ಲಿ ಬಸವಳಿದ ಗೃಹಿಣಿಯನ್ನು. ಟೀ ಜೊತೆ ಒಂದು ಪೊಟ್ಟಣ ಸುರಿದುಕೊಳ್ಳುವುದು ದಿನಚರಿಯಾಯಿತು. ಮುಂದೆ ಮೂತ್ರಪಿಂಡ ಕಳೆದುಕೊಂಡವರಲ್ಲಿ ಗಂಡಸರಿಗಿಂತ ಹೆಂಗಸರು ಹಲವು ಪಟ್ಟು ಹೆಚ್ಚಾಗಲು ಕಾರಣ ದೇಹರಚನೆಗಿಂತ ಹೆಚ್ಚಾಗಿ ಈ ಮಾರಾಟದ ರೀತಿ.

## ಹಾನಿ: ಎಲ್ಲಿ, ಎಷ್ಟು, ಹೇಗೆ

ಕಿಡ್ನಿ ಹಾಳಾಗುತ್ತೆ ಅಂತ ಮೊದಲು ಕಂಡುಹಿಡಿದವರು ಯಾರು?

1953ರಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯ ಷ್ಪ್ಯೂಲರ್ ಮತ್ತು ರೋಗವಿಜ್ಞಾನಿ ಝೋಲಿಂಗರ್. ಸತ್ತವರ ಮೂತ್ರಪಿಂಡ ಪರೀಕ್ಷಿಸುವಾಗ ಒಂದು ಬಗೆಯ ದೀರ್ಘಕಾಲದ ಉರಿಯೂತ ಮತ್ತೆ ಮತ್ತೆ ಕಾಣತೊಡಗಿತ್ತು. ಸೋಂಕಿನ ಗುರುತು ಕಡಿಮೆ, ಸೋಸುವ ಗುಚ್ಛಗಳು ಮೊದಲಿಗೆ ಸರಿಯಾಗಿಯೇ ಇರುತ್ತಿದ್ದವು, ಅವುಗಳ ನಡುವಿನ ಅಂಗಾಂಶ ಮಾತ್ರ ಗಾಯವಾಗಿ ಗಟ್ಟಿಯಾಗಿರುತ್ತಿತ್ತು. ಆ ರೋಗಿಗಳಲ್ಲಿ ಬಹಳ ಮಂದಿ ನೋವಿನ ಮಾತ್ರೆಯನ್ನು ಅತಿಯಾಗಿ ನುಂಗಿದವರು ಎಂದು ಅವರಿಬ್ಬರು ಗಮನಿಸಿದರು.

ಹುಸ್ಕ್ವರ್ನಾ ಕಾರ್ಖಾನೆಯ ಅಧ್ಯಯನವನ್ನು ಗ್ರಿಮ್‌ಲುಂಡ್ 1963ರಲ್ಲಿ ಪ್ರಕಟಿಸಿದರು. ಆಸ್ಟ್ರೇಲಿಯಾದಲ್ಲಿ ಮೆಲ್ಬೋರ್ನ್‌ನ ಪ್ರಿಸಿಲ್ಲಾ ಕಿಂಕೇಡ್-ಸ್ಮಿತ್ 1960ರ ದಶಕದಲ್ಲಿ ಈ ನಂಟನ್ನು ಬಿಡದೆ ಹಿಂಬಾಲಿಸಿದರು, ಇಲಿಗಳಿಗೆ ಎಪಿಸಿ ಮಿಶ್ರಣ ಕೊಟ್ಟು ಅದೇ ಹಾನಿ ತೋರಿಸಿದರು. ಸ್ವಿಟ್ಜರ್ಲೆಂಡಿನಲ್ಲಿ ಡುಬಾಕ್ ತಂಡ 1968ರಿಂದ 20 ವರ್ಷ ನಡೆಸಿದ ಅಧ್ಯಯನದ ಜಾಣತನ ಬೇರೆ ರೀತಿಯದು. ಮಾತ್ರೆ ತಿನ್ನುತ್ತೀರಾ ಎಂದು ಕೇಳಿದರೆ ಜನ ನಿಜ ಹೇಳುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಹಾಗಾಗಿ 30ರಿಂದ 49 ವಯಸ್ಸಿನ ಮಹಿಳೆಯರ ಮೂತ್ರದಲ್ಲೇ ಫೆನಾಸಿಟಿನ್‌ನ ಕುರುಹು ಹುಡುಕಿದರು. ಸಿಕ್ಕ 623 ಮಂದಿಯನ್ನು ಕುರುಹು ಇಲ್ಲದ 621 ಮಂದಿಯ ಜೊತೆ ಹೋಲಿಸಿದಾಗ, ಮೂತ್ರಪಿಂಡದ ಕಾಯಿಲೆಯೂ ಸಾವೂ ಮೊದಲ ಗುಂಪಿನಲ್ಲೇ ಹೆಚ್ಚು ಕಂಡವು.

ಎಷ್ಟು ಮಾತ್ರೆ ತಿಂದರೆ ತೊಂದರೆ? ಅಪರೂಪಕ್ಕೆ ತಿಂದವರೂ ಹೆದರಬೇಕಾ?

ಅಪರೂಪಕ್ಕೆ ತಿಂದವರು ಹೆದರುವ ಕಾರಣವಿಲ್ಲ. ಇದು ಮಿಲಿಗ್ರಾಂ ಲೆಕ್ಕದ ಹಾನಿಯಲ್ಲ, ಕಿಲೋ ಲೆಕ್ಕದ್ದು. ಮೂತ್ರಪಿಂಡ ಕೆಟ್ಟವರಲ್ಲಿ ವೈದ್ಯರು ಸಾಮಾನ್ಯವಾಗಿ ಕಂಡದ್ದು ಜೀವಮಾನದಲ್ಲಿ ಒಂದು–ಎರಡು ಕಿಲೋಗೂ ಮಿಕ್ಕಿದ ಫೆನಾಸಿಟಿನ್.

ದಿನಕ್ಕೆ ಮೂರು ಬೆಕ್ಸ್ ಪೊಟ್ಟಣ ಅಂದರೆ 1.26 ಗ್ರಾಂ, ವರ್ಷಕ್ಕೆ ಸುಮಾರು 460 ಗ್ರಾಂ. ಎರಡು ವರ್ಷ ದಾಟಿ ಎರಡು ತಿಂಗಳಿಗೆ ಒಂದು ಕಿಲೋ. 162 ಮಿಲಿಗ್ರಾಂ ಇರುವ ಎಪಿಸಿ ಮಾತ್ರೆ ದಿನಕ್ಕೆ ಮೂರು ನುಂಗಿದರೆ ವರ್ಷಕ್ಕೆ 177 ಗ್ರಾಂ, ಒಂದು ಕಿಲೋ ಆಗಲು ಐದೂವರೆ ವರ್ಷಕ್ಕೂ ಹೆಚ್ಚು ಬೇಕು. ಜ್ವರ ಬಂದಾಗ ವರ್ಷಕ್ಕೆ ಹತ್ತಿಪ್ಪತ್ತು ಮಾತ್ರೆ ನುಂಗಿದ ಅಜ್ಜಿಗೆ ಆ ಅಂಕಿ ತಲುಪಲು ಒಂದು ಜನ್ಮ ಸಾಲದು. ಮನೆಯವರಿಗೆ ಧೈರ್ಯ ಹೇಳುವಾಗ ಈ ಲೆಕ್ಕ ಮಾಡಿ ತೋರಿಸುವುದೇ ಒಳ್ಳೆಯದು.

ಮೂತ್ರಪಿಂಡಕ್ಕೇ ಯಾಕೆ ಹೊಡೆತ? ಬೇರೆ ಅಂಗಕ್ಕೆ ಯಾಕಿಲ್ಲ?

ಮೂತ್ರಪಿಂಡದ ತೀರಾ ಒಳತುದಿಗೆ ಪ್ಯಾಪಿಲ್ಲಾ ಎಂದು ಹೆಸರು. ಶಂಕುವಿನಾಕಾರದ ಆ ತುದಿಗಳಿಂದಲೇ ಮೂತ್ರ ತೊಟ್ಟಿಕ್ಕುವುದು. ನೀರನ್ನು ಹಿಂದಕ್ಕೆ ಎಳೆದುಕೊಂಡು ಮೂತ್ರ ಗಟ್ಟಿಯಾಗುವ ಜಾಗ ಅದು, ಹಾಗಾಗಿ ನೀರಿನ ಜೊತೆ ಬಂದ ಔಷಧಿಯ ಅಂಶಗಳೂ ಅಲ್ಲೇ ಅತಿ ಸಾಂದ್ರವಾಗುತ್ತವೆ. ಇನ್ನೊಂದು ಕಡೆ, ಅಲ್ಲಿಗೆ ಹರಿಯುವ ರಕ್ತ ಮೊದಲೇ ಕಡಿಮೆ. ವಿಷ ಹೆಚ್ಚು, ಆಹಾರ ಕಡಿಮೆ.

ಇಷ್ಟರ ಮೇಲೆ ಆಸ್ಪಿರಿನ್‌ನ ಪಾತ್ರ. ಫೆನಾಸಿಟಿನ್‌ನಿಂದಾದ ಪ್ಯಾರಾಸಿಟಮಾಲ್ ಆ ಜೀವಕೋಶಗಳಲ್ಲಿ ಒಂದು ಚುರುಕು ವಿಷವಾಗಿ ಬದಲಾಗಬಲ್ಲದು. ಅದನ್ನು ತಟಸ್ಥ ಮಾಡಲು ಜೀವಕೋಶದಲ್ಲಿ ಗ್ಲೂಟಾಥಿಯೋನ್ ಎಂಬ ಕಾವಲುಗಾರ ಇದೆ. ಆಸ್ಪಿರಿನ್‌ನಿಂದಾಗುವ ಸ್ಯಾಲಿಸಿಲೇಟ್ ಆ ಗ್ಲೂಟಾಥಿಯೋನನ್ನೇ ಬರಿದು ಮಾಡುತ್ತದೆ. ಸಾಲದ್ದಕ್ಕೆ ಪ್ಯಾಪಿಲ್ಲಾದ ರಕ್ತನಾಳಗಳನ್ನು ಹಿಗ್ಗಿಸಿಡುವ ಪ್ರೋಸ್ಟಗ್ಲಾಂಡಿನ್‌ಗಳನ್ನೂ ಆಸ್ಪಿರಿನ್ ತಡೆಯುತ್ತದೆ. ಕಳ್ಳ ಒಳಗೆ ಬಂದಾಗಲೇ ಕಾವಲುಗಾರನೂ ಇಲ್ಲ, ದೀಪವೂ ಆರಿದೆ. ಅಡ್ಡಪರಿಣಾಮ ಹಂಚಿಹೋಗಲಿ ಎಂದು ಬೆರೆಸಿದ ಮಿಶ್ರಣ ಈ ಒಂದು ಜಾಗದಲ್ಲಿ ಅದನ್ನು ಗುಣಿಸಿತು.

ಕೊನೆಗೆ ಪ್ಯಾಪಿಲ್ಲಾ ಸತ್ತು ಕಳಚುತ್ತದೆ. ಕಳಚಿದ ತುಣುಕು ಮೂತ್ರನಾಳಕ್ಕೆ ಅಡ್ಡ ಸಿಕ್ಕಿದರೆ ಕಲ್ಲು ಸಿಕ್ಕಿದಂತೆಯೇ ಪಕ್ಕೆಯಲ್ಲಿ ಸಹಿಸಲಾಗದ ನೋವು. ಆ ನೋವಿಗೂ ಜನ ನುಂಗುತ್ತಿದ್ದದ್ದು ಅದೇ ಪುಡಿ.

ತುಟಿ ನೀಲಿಯಾಗೋದು ಅಂದ್ರಲ್ಲ, ಅದು ಬೇರೆ ಕಾಯಿಲೇನಾ?

ಬೇರೆಯೇ. ಫೆನಾಸಿಟಿನ್‌ನ ಸಣ್ಣ ಪಾಲು ಪ್ಯಾರಾಸಿಟಮಾಲ್ ಆಗದೆ ಫೆನೆಟಿಡಿನ್ ಆಗುತ್ತದೆ. ಅದರಿಂದ ಹುಟ್ಟುವ ವಸ್ತುಗಳು ಹಿಮೋಗ್ಲೋಬಿನ್‌ನಲ್ಲಿರುವ ಕಬ್ಬಿಣವನ್ನು ಆಕ್ಸಿಜನ್ ಹೊರಲಾಗದ ರೂಪಕ್ಕೆ ತಿರುಗಿಸುತ್ತವೆ. ಅದಕ್ಕೆ ಮೆಥಿಮೋಗ್ಲೋಬಿನ್ ಎಂದು ಹೆಸರು, ರಕ್ತ ಚಾಕೊಲೇಟ್ ಬಣ್ಣಕ್ಕೆ ತಿರುಗುತ್ತದೆ. ಕೆಂಪು ಕಣಗಳು ಒಡೆದು ರಕ್ತಹೀನತೆಯೂ ಬರಬಹುದು. ಕೆಂಪು ಕಣಗಳನ್ನು ಕಾಪಾಡುವ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇದ್ದವರಿಗೆ ಅಪಾಯ ಇನ್ನೂ ಹೆಚ್ಚು.

ಕ್ಯಾನ್ಸರ್ ಬರುತ್ತೆ ಅನ್ನೋದು ಎಷ್ಟು ನಿಜ?

ದೀರ್ಘಕಾಲ ಅತಿಯಾಗಿ ತಿಂದವರ ಮಟ್ಟಿಗೆ ನಿಜ. ಮೂತ್ರಪಿಂಡದ ಬಟ್ಟಲು, ಮೂತ್ರನಾಳ, ಮೂತ್ರಕೋಶ ಇವುಗಳ ಒಳಪದರದಲ್ಲಿ ಗೆಡ್ಡೆ ಬೆಳೆಯುತ್ತದೆ. ಮೂತ್ರಪಿಂಡದ ಬಟ್ಟಲಿನ ಕ್ಯಾನ್ಸರ್ ಸಾಮಾನ್ಯ ಜನರಲ್ಲಿ ತೀರಾ ಅಪರೂಪವಾದ್ದರಿಂದ 1960ರ ದಶಕದಲ್ಲಿ ಸ್ವೀಡನ್ನಿನ ವೈದ್ಯರ ಕಣ್ಣಿಗೆ ಈ ನಂಟು ಎದ್ದು ಕಂಡಿತು. ಇಲಿಗಳಿಗೆ ಫೆನಾಸಿಟಿನ್ ಒಂದನ್ನೇ ತಿನ್ನಿಸಿದಾಗಲೂ ಮೂತ್ರದ ದಾರಿಯಲ್ಲಿ, ಮೂಗಿನಲ್ಲಿ ಗೆಡ್ಡೆಗಳಾದವು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಫೆನಾಸಿಟಿನ್ ಇರುವ ಮಿಶ್ರಣಗಳನ್ನು 1987ರಲ್ಲಿ, ಆಮೇಲೆ ಫೆನಾಸಿಟಿನ್ ಒಂದನ್ನೇ, ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ಖಚಿತವಾದ ಮೊದಲ ಗುಂಪಿಗೆ ಸೇರಿಸಿತು. ತಂಬಾಕು ಇರುವುದೂ ಅದೇ ಗುಂಪಿನಲ್ಲಿ.

ಮನೇಲಿ ಹಿಂದೆ ಇಂಥ ಮಾತ್ರೆ ವರ್ಷಗಟ್ಟಲೆ ತಿಂದವರಿದ್ದಾರೆ. ಯಾವ ಟೆಸ್ಟ್ ಮಾಡಿಸಬೇಕು?

ಆರಂಭದಲ್ಲಿ ಎರಡು ಸರಳ ಪರೀಕ್ಷೆ ಸಾಕು: ಮೂತ್ರಪಿಂಡ ಎಷ್ಟು ಚೆನ್ನಾಗಿ ಸೋಸುತ್ತಿದೆ ಎಂದು ತೋರಿಸುವ ರಕ್ತದ ಕ್ರಿಯಾಟಿನಿನ್ ಮತ್ತು ಮೂತ್ರದ ಸಾಮಾನ್ಯ ಪರೀಕ್ಷೆ. ಜೊತೆಗೆ ಬಿಪಿ ಮತ್ತು ಹಿಮೋಗ್ಲೋಬಿನ್ ನೋಡಬೇಕು. ಈ ಕಾಯಿಲೆಗೆ ಕೆಲವು ಗುರುತುಗಳಿವೆ. ಮೂತ್ರ ಗಟ್ಟಿ ಮಾಡುವ ಶಕ್ತಿ ಮೊದಲು ಹೋಗುವುದರಿಂದ ರಾತ್ರಿ ಮೂರು ನಾಲ್ಕು ಸಲ ಏಳಬೇಕಾಗುತ್ತದೆ. ಮೂತ್ರದಲ್ಲಿ ಕೀವುಕಣ ಇರುತ್ತದೆ, ಕಲ್ಚರ್ ಮಾಡಿದರೆ ಸೋಂಕು ಬೆಳೆಯುವುದಿಲ್ಲ. ಕ್ರಿಯಾಟಿನಿನ್‌ಗೆ ಹೋಲಿಸಿದರೆ ರಕ್ತಹೀನತೆ ಹೆಚ್ಚೆನ್ನಿಸುತ್ತದೆ. ಅನುಮಾನ ಬಂದರೆ ವೈದ್ಯರು ಬಣ್ಣದ ಇಂಜೆಕ್ಷನ್ ಕೊಡದೆ ಸಿಟಿ ಸ್ಕ್ಯಾನ್ ಮಾಡಿಸುತ್ತಾರೆ. ಎರಡೂ ಮೂತ್ರಪಿಂಡ ಕುಗ್ಗಿ ಅಂಚು ಉಬ್ಬುತಗ್ಗಾಗಿದ್ದು, ಪ್ಯಾಪಿಲ್ಲಾಗಳಲ್ಲಿ ಸುಣ್ಣ ಕಟ್ಟಿದ್ದರೆ ರೋಗನಿರ್ಣಯ ಬಹುಮಟ್ಟಿಗೆ ಮುಗಿಯಿತು.

ಒಂದು ವಿಷಯ ಮಾತ್ರ ಮುಂದೂಡಬೇಡಿ. ನೋವಿಲ್ಲದೆ ಮೂತ್ರದಲ್ಲಿ ರಕ್ತ ಕಂಡರೆ, ಒಂದೇ ಸಲವಾದರೂ, ಮೂತ್ರರೋಗ ತಜ್ಞರ ಬಳಿ ಹೋಗಿ ಹಳೆಯ ಮಾತ್ರೆಯ ವಿಷಯ ನೀವಾಗಿಯೇ ಹೇಳಿ. ಗೆಡ್ಡೆ ಮಾತ್ರೆ ಬಿಟ್ಟ ಹಲವು ವರ್ಷಗಳ ನಂತರವೂ ಕಾಣಿಸಿಕೊಳ್ಳಬಹುದು. ಇಂದಿನ ತರುಣ ವೈದ್ಯರು ಫೆನಾಸಿಟಿನ್ ರೋಗಿಯನ್ನು ನೋಡಿಯೇ ಇಲ್ಲದಿರಬಹುದು.

## ನಿಷೇಧ ಮತ್ತು ಆಮೇಲಿನದು

1953ರಲ್ಲೇ ಗೊತ್ತಾಗಿದ್ರೆ ನಿಲ್ಲಿಸೋಕೆ ಮೂವತ್ತು ವರ್ಷ ಯಾಕೆ ಬೇಕಾಯ್ತು?

ಸ್ವೀಡನ್ ತಡ ಮಾಡಲಿಲ್ಲ. 1961ರಲ್ಲೇ ವೈದ್ಯರ ಚೀಟಿ ಇಲ್ಲದೆ ಕೊಡಬಾರದು ಎಂದಿತು. ಅಮೆರಿಕ 1964ರಲ್ಲಿ ಎಚ್ಚರಿಕೆಯ ಮಾತು ಅಚ್ಚುಹಾಕಲು ಹೇಳಿ, ಪೂರ್ತಿ ತೆಗೆದದ್ದು 1983ರಲ್ಲಿ, ನಾವು ತೆಗೆದ ವರ್ಷವೇ. ಕೆನಡಾ, ಬ್ರಿಟನ್, ಆಸ್ಟ್ರೇಲಿಯಾ 1970ರ ದಶಕದಲ್ಲಿ ಹಂತ ಹಂತವಾಗಿ ಕೈಬಿಟ್ಟವು. ಔಷಧಿಯ ತವರಾದ ಜರ್ಮನಿಯಲ್ಲಿ ಅದು 1986ರವರೆಗೆ ಇತ್ತು.

ತಡವಾದದ್ದಕ್ಕೆ ವ್ಯಾಪಾರದ ಒತ್ತಡ ಒಂದೇ ಕಾರಣವಲ್ಲ. ತಿಂದದ್ದಕ್ಕೂ ಹಾನಿ ಕಂಡದ್ದಕ್ಕೂ ನಡುವೆ ಹತ್ತಿಪ್ಪತ್ತು ವರ್ಷ. ಫೆನಾಸಿಟಿನ್ ಯಾವಾಗಲೂ ಬೇರೆ ಎರಡು ಔಷಧಿಗಳ ಜೊತೆಗೇ ಇದ್ದದ್ದರಿಂದ ತಪ್ಪು ಯಾರದು ಎಂಬ ಜಗಳ ಬೇರೆ. ಜೊತೆಗೆ ರೋಗಿಗಳೇ ಮುಚ್ಚಿಡುತ್ತಿದ್ದರು.

ನಿಲ್ಲಿಸಿದ ಮೇಲೆ ಕಾಯಿಲೆ ನಿಜವಾಗಿ ಕಡಿಮೆ ಆಯ್ತಾ? ತಪ್ಪೆಲ್ಲ ಫೆನಾಸಿಟಿನ್‌ದೇನಾ?

ಕಡಿಮೆ ಆಯಿತು. 1970ರ ದಶಕದ ಆಸ್ಟ್ರೇಲಿಯಾದಲ್ಲಿ ಡಯಾಲಿಸಿಸ್‌ಗೆ ಬರುವವರಲ್ಲಿ ಹತ್ತಿರಹತ್ತಿರ ಐದಕ್ಕೊಬ್ಬರು ಇದೇ ಕಾಯಿಲೆಯವರು. ಮುಂದಿನ ದಶಕಗಳಲ್ಲಿ ಆ ಪಾಲು ಕರಗುತ್ತ ಹೋಗಿ ಈಗ ಹೊಸ ರೋಗಿ ಸಿಗುವುದೇ ಅಪರೂಪ. ಸ್ವೀಡನ್ನಿನಲ್ಲೂ ಹಾಗೆಯೇ.

ತಪ್ಪಿನ ಪ್ರಶ್ನೆ ಅಷ್ಟು ಸುಲಭವಲ್ಲ. ಆಸ್ಟ್ರೇಲಿಯಾ 1979ರಲ್ಲಿ ಮಾಡಿದ್ದು ಫೆನಾಸಿಟಿನ್ ತೆಗೆದದ್ದಷ್ಟೇ ಅಲ್ಲ, ಎರಡು ಮೂರು ನೋವುನಿವಾರಕ ಬೆರೆಸಿದ ಪುಡಿಗಳ ಮುಕ್ತ ಮಾರಾಟವನ್ನೇ ನಿಲ್ಲಿಸಿತು. ಹಾಗಾಗಿ ಇಳಿಕೆಯ ಕೀರ್ತಿ ಯಾವುದಕ್ಕೆ ಎಂದು ಬಿಡಿಸುವುದು ಕಷ್ಟ. ಕ್ಯಾನ್ಸರಿನ ವಿಷಯದಲ್ಲಿ ಫೆನಾಸಿಟಿನ್ ಮೇಲಿನ ಆರೋಪ ಗಟ್ಟಿ. ಮೂತ್ರಪಿಂಡದ ವಿಷಯದಲ್ಲಿ ಮಿಶ್ರಣ ಮತ್ತು ದಿನನಿತ್ಯದ ಚಟ ಎರಡೂ ಪಾಲುದಾರರು ಎಂಬುದೇ ನಮಗೆ ಹೆಚ್ಚು ಸರಿ ಕಾಣುತ್ತದೆ.

ಸ್ಯಾರಿಡಾನ್ ಈಗ್ಲೂ ಸಿಗುತ್ತಲ್ಲ. ಅದರಲ್ಲೂ ಫೆನಾಸಿಟಿನ್ ಇತ್ತಂತೆ?

ಇತ್ತು. 1930ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ರೋಶ್ ಕಂಪನಿ ತಂದ ಸ್ಯಾರಿಡಾನ್‌ನಲ್ಲಿ ಫೆನಾಸಿಟಿನ್, ಪ್ರೊಪಿಫೆನಜೋನ್, ಕೆಫೀನ್ ಇದ್ದವು. ಫೆನಾಸಿಟಿನ್ ಜಾಗಕ್ಕೆ ಮುಂದೆ ಪ್ಯಾರಾಸಿಟಮಾಲ್ ಬಂತು, ಹೆಸರು ಹಾಗೇ ಉಳಿಯಿತು. ನಮ್ಮಲ್ಲಿನ ಮಾತ್ರೆಯಲ್ಲಿ ಪ್ಯಾರಾಸಿಟಮಾಲ್ 250, ಪ್ರೊಪಿಫೆನಜೋನ್ 150, ಕೆಫೀನ್ 50 ಮಿಲಿಗ್ರಾಂ. 2018ರಲ್ಲಿ ಕೇಂದ್ರ ಸರ್ಕಾರ 328 ಸಂಯುಕ್ತ ಔಷಧಿಗಳನ್ನು ನಿಷೇಧಿಸಿದಾಗ ಪಟ್ಟಿಯಲ್ಲಿ ಇದರ ಹೆಸರೂ ಬಂದಿತ್ತು, ಸುಪ್ರೀಂ ಕೋರ್ಟಿನಲ್ಲಿ ವಿನಾಯಿತಿ ಸಿಕ್ಕಿತು. ಆ ವ್ಯಾಜ್ಯಕ್ಕೂ ಫೆನಾಸಿಟಿನ್‌ಗೂ ಸಂಬಂಧವಿಲ್ಲ. ಹಳೆಯ ಬ್ರ್ಯಾಂಡ್ ಹೆಸರು ನೋಡಿ ಒಳಗಿನ ಔಷಧಿ ಊಹಿಸಬಾರದು, ಸ್ಟ್ರಿಪ್ಪಿನ ಹಿಂಬದಿ ಓದಬೇಕು.

ಫೆನಾಸಿಟಿನ್ ಹೊಟ್ಟೇಲಿ ಪ್ಯಾರಾಸಿಟಮಾಲ್ ಆಗೋದಾದ್ರೆ, ದಿನಾ ಡೋಲೋ ನುಂಗೋರಿಗೂ ಅದೇ ಗತಿನಾ?

ಅದೇ ಗತಿ ಅಲ್ಲ. ರಕ್ತ ಕೆಡಿಸುವ, ಕ್ಯಾನ್ಸರ್ ತರುವ ಫೆನೆಟಿಡಿನ್ ದಾರಿ ಪ್ಯಾರಾಸಿಟಮಾಲ್‌ಗೆ ಇಲ್ಲ. (ಬದಲಾವಣೆ ನಡೆಯುವುದು ಹೊಟ್ಟೆಯಲ್ಲಲ್ಲ, ಮುಖ್ಯವಾಗಿ ಲಿವರಿನಲ್ಲಿ.) ಬರೀ ಪ್ಯಾರಾಸಿಟಮಾಲ್‌ನಿಂದ ಪ್ಯಾಪಿಲ್ಲಾ ಕಳಚಿದ ಸ್ಪಷ್ಟ ಪ್ರಕರಣಗಳು ಬಹಳ ಕಡಿಮೆ. ಅದರ ದೊಡ್ಡ ಅಪಾಯ ಲಿವರಿಗೆ, ಅದೂ ಮಿತಿ ಮೀರಿದಾಗ. ಆರೋಗ್ಯವಂತ ವಯಸ್ಕರಿಗೆ ಒಂದು ಸಲಕ್ಕೆ 500ರಿಂದ 1000 ಮಿಲಿಗ್ರಾಂ, ಎರಡು ಡೋಸಿನ ನಡುವೆ ಕನಿಷ್ಠ ನಾಲ್ಕು ಗಂಟೆ, 24 ಗಂಟೆಯಲ್ಲಿ 4 ಗ್ರಾಂ ದಾಟಬಾರದು. ಬೆಂಗಳೂರಿನ ಕಂಪನಿಯೊಂದರ ಡೋಲೋ 650 ಲೆಕ್ಕದಲ್ಲಿ ಅದು ಆರು ಮಾತ್ರೆ. ತೂಕ ಕಡಿಮೆ ಇರುವವರು, ಮದ್ಯಪಾನಿಗಳು, ಲಿವರ್ ತೊಂದರೆ ಇರುವವರಿಗೆ ವೈದ್ಯರು ಇನ್ನೂ ಕಡಿಮೆ ಹೇಳುತ್ತಾರೆ. ನೆಗಡಿ ಮಾತ್ರೆಯೊಳಗೂ ಪ್ಯಾರಾಸಿಟಮಾಲ್ ಇರುವುದನ್ನು ಮರೆತು ಎರಡನ್ನೂ ನುಂಗುವುದು ಸಾಮಾನ್ಯ ತಪ್ಪು.

ಎಪಿಸಿ ಬಿಟ್ಟುಹೋದ ಜಾಗದಲ್ಲಿ ಇಂದು ಕೂತಿರುವುದು ಬರೀ ಪ್ಯಾರಾಸಿಟಮಾಲ್‌ಗಿಂತ ಹೆಚ್ಚಾಗಿ ಅದನ್ನು ಡೈಕ್ಲೋಫಿನಾಕ್, ಐಬುಪ್ರೊಫೇನ್ ಎಂಬ ನೋವುನಿವಾರಕಗಳ ಜೊತೆ ಬೆರೆಸಿದ ಮಾತ್ರೆಗಳು. ಡೈಕ್ಲೋಫಿನಾಕ್ ನಮ್ಮಲ್ಲಿ ಚೀಟಿ ಇದ್ದರೆ ಮಾತ್ರ ಕೊಡಬೇಕಾದ ಔಷಧಿ, ಅಂಗಡಿಯಲ್ಲಿ ನಡೆಯುವುದು ಬೇರೆ. ಬಿಸಿಲಿನಲ್ಲಿ ಬೆವರಿ ನೀರು ಕಡಿಮೆ ಕುಡಿದು ಸಂಜೆ ಸೊಂಟನೋವಿಗೆ ದಿನಾ ಇದನ್ನು ನುಂಗುವವರ ಮೂತ್ರಪಿಂಡದ ರಕ್ತ ಹರಿವು ಕುಗ್ಗುವುದು ಹಿಂದೆ ಆಸ್ಪಿರಿನ್ ಮಾಡಿದ ರೀತಿಯಲ್ಲೇ. ತಿಂಗಳಲ್ಲಿ 10–15 ದಿನಕ್ಕಿಂತ ಹೆಚ್ಚು ತಲೆನೋವಿನ ಮಾತ್ರೆ ಬೇಕಾಗುತ್ತಿದ್ದರೆ ಮಾತ್ರೆಯೇ ತಲೆನೋವು ತರುತ್ತಿರಬಹುದು. ಅದನ್ನು ಬಿಡಿಸಲು ವೈದ್ಯರ ಸಹಾಯ ಬೇಕು.

ಈಗ ಜಗತ್ತಿನಲ್ಲಿ ಫೆನಾಸಿಟಿನ್ ಎಲ್ಲಾದ್ರೂ ಉಳಿದಿದೆಯಾ?

ಎರಡು ಕಡೆ ಇದೆ. ಒಂದು ಪ್ರಯೋಗಾಲಯ. ಲಿವರಿನ ಸಿವೈಪಿ1ಎ2 ಎಂಬ ಕಿಣ್ವ ಫೆನಾಸಿಟಿನ್‌ನ ಈಥೈಲ್ ಬಾಲ ಕತ್ತರಿಸುತ್ತದೆ. ಹೊಸ ಔಷಧಿಯೊಂದು ಆ ಕಿಣ್ವವನ್ನು ತಡೆಯುತ್ತದೆಯೇ ಎಂದು ನೋಡಲು ಪರೀಕ್ಷಾನಳಿಕೆಯಲ್ಲಿ ಫೆನಾಸಿಟಿನ್ ಹಾಕಿ, ಎಷ್ಟು ಪ್ಯಾರಾಸಿಟಮಾಲ್ ಹುಟ್ಟಿತು ಎಂದು ಅಳೆಯುತ್ತಾರೆ. ಇನ್ನೊಂದು ಕಳ್ಳಸಂತೆ. ಬಿಳಿ ಹರಳು, ತುಸು ಕಹಿ, ಅಗ್ಗ. ಈ ಕಾರಣಕ್ಕೆ ಯುರೋಪಿನಲ್ಲಿ ಪೊಲೀಸರು ಹಿಡಿಯುವ ಕೊಕೇನ್‌ನಲ್ಲಿ ತೂಕ ಹೆಚ್ಚಿಸಲು ಬೆರೆಸಿದ ಫೆನಾಸಿಟಿನ್ ಇಂದಿಗೂ ಪತ್ತೆಯಾಗುತ್ತದೆ.